ಮ್ಯೂರಿಟ್ಸ್ ಕಾಡಿನಲ್ಲಿ ಎರಡು ದಿನ: ದೂರ ನೋಡಬೇಡಿ, ನೆಲ ನೋಡಿ

ಪ್ರಶ್ನೆ: ನಾನು ಶಿವಮೊಗ್ಗದವನು. ಕೆಲಸದ ಮೇಲೆ ಬರ್ಲಿನ್‌ಗೆ ಬಂದು ಎರಡು ವರ್ಷವಾಯಿತು. ಈಚೆಗೆ ಗ್ರಾವೆಲ್ ಸೈಕಲ್ (ಡಾಂಬರಿಗೂ ಮಣ್ಣುದಾರಿಗೂ ಆಗುವ ಸೈಕಲ್) ಕೊಂಡಿದ್ದೇನೆ. ಅದರ ಟಯರ್ 38 ಮಿ.ಮೀ. ಅಗಲ. ಸೆಪ್ಟೆಂಬರ್ ಕೊನೆಯ ವಾರ ಬೆಂಗಳೂರಿನಿಂದ ತಮ್ಮ ಬರುತ್ತಾನೆ. ಇಬ್ಬರೂ ಸೇರಿ ಬರ್ಲಿನ್‌ನ ಉತ್ತರಕ್ಕಿರುವ ಮ್ಯೂರಿಟ್ಸ್ ರಾಷ್ಟ್ರೀಯ ಉದ್ಯಾನದ ಕೆರೆ, ಕಾಡುಗಳ ನಡುವೆ ಸವಾರಿ ಮಾಡಬೇಕೆಂದಿದ್ದೇವೆ. ಮೊಬೈಲ್ ಆ್ಯಪ್ 110 ಕಿ.ಮೀ.ಗಳ ಒಂದು ಸುತ್ತು ತೋರಿಸುತ್ತಿದೆ, ಅದು ಶ್ಪೆಕ್ ಎಂಬ ಹಳ್ಳಿಯಿಂದ ಕಾಡಿನೊಳಗೆ ಪೂರ್ವಕ್ಕೆ ಗ್ರಾಂಟ್ಸಿನ್ ಕಡೆ ಹೋಗುತ್ತದೆ. ಒಂದೇ ದಿನದಲ್ಲಿ ಮುಗಿಸಬಹುದೇ? ಈ ಟಯರ್ ಸಾಕೇ? ನಮ್ಮ ಭದ್ರಾ ಅಭಯಾರಣ್ಯದಲ್ಲಿ ಇರುವಂತೆ ಅಲ್ಲಿಯೂ ಅನುಮತಿ ಪಡೆಯಬೇಕೇ?

ಉತ್ತರ: ಒಂದೇ ದಿನದಲ್ಲಿ ಬೇಡ. ಎರಡು ದಿನ ಇಟ್ಟುಕೊಳ್ಳಿ, ಮತ್ತು ಆ್ಯಪ್ ಬರೆದುಕೊಟ್ಟ ಗೆರೆಯನ್ನು ಬದಿಗಿಡಿ. ಡಾಂಬರು ರಸ್ತೆಯಲ್ಲಿ 110 ಕಿ.ಮೀ. ನಿಮಗೆ ಕಷ್ಟವಾಗಲಿಕ್ಕಿಲ್ಲ. ಆದರೆ ಮ್ಯೂರಿಟ್ಸ್‌ನಲ್ಲಿ ಸವಾರನನ್ನು ಸೋಲಿಸುವುದು ಮರಳು. ನಾನು ಮೊದಲ ಬಾರಿ ಅಲ್ಲಿಗೆ ಹೋದದ್ದು ಒಂದು ಜುಲೈ ತಿಂಗಳಲ್ಲಿ, ಮೂರು ವಾರ ಮಳೆಯಿಲ್ಲದ ಬಿಸಿಲಿನಲ್ಲಿ, ನಿಮ್ಮದಕ್ಕಿಂತಲೂ ಸಣ್ಣ ಟಯರಿನ ಮೇಲೆ. ನಕಾಶೆಯಲ್ಲಿ ಅಂದವಾಗಿ ಕಂಡ ಕಾಡುದಾರಿಯಲ್ಲಿ ಸುಮಾರು 3 ಕಿ.ಮೀ. ಸೈಕಲ್ ತಳ್ಳಿಕೊಂಡು ನಡೆದೆ. ಕುಡಿಯುವ ನೀರು ಮುಗಿದಿತ್ತು, ಮುಂದಿನ ಹಳ್ಳಿ ಎಷ್ಟು ದೂರವೆಂದು ತಿಳಿದಿರಲಿಲ್ಲ. ಆಮೇಲೆ ಹಲವು ಸಲ ಹೋಗಿದ್ದೇನೆ, ಪ್ರತಿ ಸಲವೂ ಮೊದಲು ನೆಲದ ಲೆಕ್ಕ ಹಾಕಿ, ಆಮೇಲೆ ದೂರದ ಲೆಕ್ಕ ಹಾಕುತ್ತೇನೆ.

ಈ ಮರಳು ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಂಡರೆ ದಾರಿ ಆರಿಸುವ ಅರ್ಧ ಕೆಲಸ ಮುಗಿದಂತೆ. ಕಳೆದ ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ತೆವಳಿ ಬಂದ ಹಿಮರಾಶಿ ಈ ಪ್ರದೇಶದಲ್ಲಿ ನಿಂತಿತು. ಅದು ತನ್ನ ಮುಂದೆ ತಳ್ಳಿಕೊಂಡು ಬಂದ ಕಲ್ಲು, ಜೇಡಿಮಣ್ಣು ಉದ್ದನೆಯ ದಿಬ್ಬಗಳಾಗಿ ಉಳಿದವು. ಹಿಮ ಕರಗಿದಾಗ ಹರಿದ ನೀರು ಹಗುರವಾದ ಮರಳನ್ನು ಹೊತ್ತೊಯ್ದು ದಿಬ್ಬಗಳಾಚೆಯ ಬಯಲಿನಲ್ಲಿ ಹರಡಿತು. ಮಣ್ಣಿನಡಿ ಹೂತುಹೋಗಿದ್ದ ಹಿಮದ ಗಡ್ಡೆಗಳು ನಿಧಾನವಾಗಿ ಕರಗಿ, ಮೇಲಿನ ನೆಲ ಕುಸಿದು, ಎಷ್ಟೋ ಕೆರೆಗಳು ಹುಟ್ಟಿದವು. ಹೀಗಾಗಿ 322 ಚದರ ಕಿ.ಮೀ.ಗಳ ಈ ಉದ್ಯಾನದಲ್ಲಿ ನೂರಕ್ಕೂ ಹೆಚ್ಚು ಕೆರೆಗಳಿವೆ. ಪಶ್ಚಿಮದ ಅಂಚಿಗೆ ಮ್ಯೂರಿಟ್ಸ್ ಇದೆ. ಪೂರ್ತಿಯಾಗಿ ಜರ್ಮನಿಯ ಒಳಗೇ ಇರುವ ಸರೋವರಗಳಲ್ಲಿ ಅದೇ ದೊಡ್ಡದು. ಹಳೆಯ ಸ್ಲಾವ್ ಭಾಷೆಯಲ್ಲಿ ಆ ಹೆಸರಿಗೆ ಪುಟ್ಟ ಸಮುದ್ರ ಎಂಬ ಅರ್ಥವಿದೆ. ಗಾಳಿ ಬೀಸುವ ದಿನ ದಂಡೆಯಲ್ಲಿ ನಿಂತರೆ ಆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ.

ಮರಳಿನ ಬಯಲಿನಲ್ಲಿ ಬೇರೆ ಬೆಳೆ ಬಾರದ ಕಾರಣ ಜನ ಪೈನ್ ಮರಗಳನ್ನು ನೆಟ್ಟರು. ಜೇಡಿಯ ದಿಬ್ಬಗಳ ಮೇಲೆ ಬೀಚ್ ಎಂಬ ಅಗಲ ಎಲೆಯ ಮರಗಳು ತಾವಾಗಿ ಬೆಳೆದವು. ಆದ್ದರಿಂದ ನಾನು ಅಲ್ಲಿ ತಲೆಯೆತ್ತಿ ಮರ ನೋಡಿಯೇ ಮುಂದಿನ ನೆಲವನ್ನು ಊಹಿಸುತ್ತೇನೆ: ಸುತ್ತ ಪೈನ್ ಇದ್ದರೆ ಬಹುಮಟ್ಟಿಗೆ ಮರಳು ಕಾದಿರುತ್ತದೆ, ಬೀಚ್ ಇದ್ದರೆ ಗಟ್ಟಿ ನೆಲ, ಆದರೆ ಬೇರುಗಳು ಮತ್ತು ಏರಿಳಿತ. ಹಳ್ಳಿ ಹತ್ತಿರವಾಗುತ್ತಿದ್ದಂತೆ ಉರುಟು ಕಲ್ಲು ಹಾಸಿದ ಹಳೆಯ ರಸ್ತೆ ಸಿಗುತ್ತದೆ. ಇಂಥ ರಸ್ತೆಯ ಮಗ್ಗುಲಲ್ಲಿ ಕೆಲವು ಕಡೆ ಕಲ್ಲಿಲ್ಲದ ಮಣ್ಣಿನ ಪಟ್ಟಿಯೊಂದು ಓಡುತ್ತದೆ. ಒಣ ಕಾಲದಲ್ಲಿ ಕುದುರೆಗಾಡಿಗಳು ಹೋಗಲಿ ಎಂದು ಬಿಟ್ಟದ್ದು ಅದು, ಇಲ್ಲಿನವರ ಮಾತಿನಲ್ಲಿ ಬೇಸಿಗೆ ದಾರಿ. ಅದು ಕಂಡಲ್ಲೆಲ್ಲ ಅದನ್ನೇ ಹಿಡಿಯಿರಿ, ಮುಂಗೈಗಳಿಗೆ ಸುಖ. ಇನ್ನೊಂದು ಬಗೆ ಪೂರ್ವ ಜರ್ಮನಿಯ ಕಾಲದ ಕಾಂಕ್ರೀಟ್ ಹಲಗೆಗಳ ರಸ್ತೆ. ಹಲಗೆ ಹಲಗೆಗಳ ನಡುವಿನ ಸಂದಿಯಲ್ಲಿ ಮುಂದಿನ ಚಕ್ರ ಇಳಿಯದಂತೆ ಎಚ್ಚರವಿರಲಿ.

ಟಯರಿನ ಪ್ರಶ್ನೆಗೆ ಉತ್ತರ ಇಲ್ಲೇ ಬರುತ್ತದೆ. ನಾನು ಹೇಳುವ ದಾರಿಗೆ 38 ಮಿ.ಮೀ. ಸಾಲುತ್ತದೆ, ಆ್ಯಪ್ ಹೇಳುವ ದಾರಿಗೆ ಸಾಲದು. ಸೈಕಲ್ಲಿನ ಫ್ರೇಮ್ ಮತ್ತು ಫೋರ್ಕ್‌ನಲ್ಲಿ ಜಾಗವಿದ್ದರೆ 45 ಹಾಕಿಸಿ. ಸುಮಾರು 70 ಕಿಲೋ ತೂಕದ ಸವಾರನಿಗೆ, ಟ್ಯೂಬ್‌ಲೆಸ್ ಆಗಿದ್ದರೆ, 45ರ ಟಯರಿನಲ್ಲಿ ಮುಂದೆ 1.8, ಹಿಂದೆ 2 ಬಾರ್ (ಗಾಳಿಯ ಒತ್ತಡದ ಅಳತೆ) ಗಾಳಿಯಿಂದ ಶುರು ಮಾಡಿ ನಿಮ್ಮ ಕೈಗೆ ಹಿತವಾಗುವಂತೆ ಹೊಂದಿಸಿಕೊಳ್ಳಿ. 38ರಲ್ಲಿ ಸ್ವಲ್ಪ ಹೆಚ್ಚು ಬೇಕು, ಒಳಗೆ ಟ್ಯೂಬ್ ಇದ್ದರೆ ಇನ್ನೂ ಸ್ವಲ್ಪ ಹೆಚ್ಚು. ಇಲ್ಲದಿದ್ದರೆ ಉರುಟು ಕಲ್ಲಿನ ಮೇಲೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ಹೊಸದಾಗಿ ಗ್ರಾವೆಲ್ ಸೈಕಲ್ ಕೊಂಡವರಲ್ಲಿ ಹೆಚ್ಚಿನವರು ಗಾಳಿಯನ್ನು ಕಲ್ಲಿನಂತೆ ತುಂಬಿಕೊಂಡು ಬಂದು, ಕೈ ನೋಯುತ್ತದೆ, ಚಕ್ರ ಜಾರುತ್ತದೆ ಎಂದು ದೂರುವುದನ್ನು ಕಂಡಿದ್ದೇನೆ. ಅಗಲ ಟಯರಿನ ಗುಣ ಹೊರಬರುವುದೇ ಗಾಳಿ ಇಳಿಸಿದಾಗ.

ಮರಳಿನಲ್ಲಿ ಹೋಗುವ ಕೈಚಳಕವನ್ನೂ ಹೇಳಿಬಿಡುತ್ತೇನೆ. ಮರಳು ಶುರುವಾಗುವ ಮೊದಲೇ ಹಗುರ ಗೇರಿಗೆ ಬನ್ನಿ. ಒಳಗೆ ಹೋದ ಮೇಲೆ ಗೇರ್ ಬದಲಿಸಲು ಹೋದರೆ ನಿಂತೇ ಹೋಗುತ್ತೀರಿ. ಮೈಭಾರ ಹಿಂದಕ್ಕಿರಲಿ. ಹ್ಯಾಂಡಲನ್ನು ಬಿಗಿಹಿಡಿಯಬೇಡಿ, ಮುಂದಿನ ಚಕ್ರ ತುಸು ಅತ್ತಿತ್ತ ಅಲೆದಾಡಲಿ. ಪೆಡಲ್ ಮಾತ್ರ ಬಿಡದೆ ತುಳಿಯಿರಿ. ಗೋಕರ್ಣದಲ್ಲೋ ಮಲ್ಪೆಯಲ್ಲೋ ಅಲೆ ತಾಗುವ ಅಂಚಿನ ಒದ್ದೆ ಮರಳಿನ ಮೇಲೆ ಸೈಕಲ್ ಓಡುತ್ತದೆ, ನಾಲ್ಕು ಹೆಜ್ಜೆ ಮೇಲಿನ ಒಣ ಮರಳಿನಲ್ಲಿ ಹೂತುಹೋಗುತ್ತದೆ. ಕಣಗಳ ನಡುವೆ ನಿಂತ ಸ್ವಲ್ಪ ನೀರು ಅವನ್ನು ಒಂದಕ್ಕೊಂದು ಹಿಡಿದಿಡುವುದೇ ಅದಕ್ಕೆ ಕಾರಣ. ಕಾಡಿನ ಮರಳಿಗೂ ಅದೇ ನಿಯಮ. ಮಳೆ ಬಿದ್ದ ಮರುದಿನ ಮ್ಯೂರಿಟ್ಸ್‌ನ ದಾರಿಗಳು ಬೇರೆಯೇ ಆಗಿರುತ್ತವೆ. ಹಾಗಾಗಿ ನೀವು ಹೋಗುವ ಹಿಂದಿನ ದಿನ ಮಳೆ ಬಂದರೆ ಬೇಸರಪಡಬೇಡಿ.

ಈಗ ದಾರಿ. ಬೆಳಗಿನ ರೈಲಿನಲ್ಲಿ ಬರ್ಲಿನ್‌ನಿಂದ ಮ್ಯೂರಿಟ್ಸ್ ದಂಡೆಯ ಊರು ವಾರೆನ್‌ಗೆ ಹೋಗಿ. ರೊಸ್ಟೊಕ್ ಕಡೆಗೆ ಹೋಗುವ ಪ್ರಾದೇಶಿಕ ರೈಲು, ಎರಡು ಗಂಟೆಯೊಳಗಿನ ಪ್ರಯಾಣ. ಪ್ರಾದೇಶಿಕ ರೈಲುಗಳಿಗೆ ನಡೆಯುವ ತಿಂಗಳ ಪಾಸ್, ಜರ್ಮನಿ ಟಿಕೆಟ್, ನಿಮ್ಮಲ್ಲಿದ್ದರೂ ಅದು ಸೈಕಲ್ಲಿಗೆ ನಡೆಯದು, ಸೈಕಲ್ಲಿಗೆ ಬೇರೆ ಟಿಕೆಟ್ ಕೊಳ್ಳಬೇಕು. ವಾರಾಂತ್ಯದಲ್ಲಿ ಸೈಕಲ್ ಡಬ್ಬಿ ತುಂಬಿಬಿಡುತ್ತದೆ. ರಜೆ ಸಿಗುವುದಾದರೆ ವಾರದ ನಡುವೆ ಹೋಗಿ. ತಮ್ಮನಿಗೆ ವಾರೆನ್‌ನಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಅಗಲ ಟಯರಿನ ಸಾಮಾನ್ಯ ಟ್ರೆಕಿಂಗ್ ಸೈಕಲ್ ಸಾಕು, ಮುಂಚೆಯೇ ಕಾದಿರಿಸಿ.

ವಾರೆನ್‌ನಿಂದ ಫೈಸ್ನೆಕ್ ಕೆರೆಯ ಮಗ್ಗುಲಿನಿಂದ ಫೆಡೆರೊ, ಅಲ್ಲಿಂದ ಶ್ವಾರ್ಟ್ಸೆನ್‌ಹೋಫ್, ಶ್ಪೆಕ್, ಕೊನೆಗೆ ಬೋಕ್. ಒಟ್ಟು ಸುಮಾರು 25 ಕಿ.ಮೀ. ಈ ತುಂಡು ಹೆಚ್ಚಿನ ಕಡೆ ತಟ್ಟಿ ಗಟ್ಟಿ ಮಾಡಿದ ಸಣ್ಣ ಜಲ್ಲಿಯ ಅಥವಾ ಡಾಂಬರಿನ ದಾರಿ. ನಿಮ್ಮ 38ರ ಟಯರ್ ಹಾಡುತ್ತಾ ಹೋಗುತ್ತದೆ. ಆದರೂ ಇದಕ್ಕೆ ಅರ್ಧ ದಿನ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಫೆಡೆರೊದಲ್ಲಿ ಆಸ್ಪ್ರೇ ಎಂಬ ಮೀನು ಹಿಡಿಯುವ ಗಿಡುಗ ವಿದ್ಯುತ್ ಕಂಬದ ತುದಿಯಲ್ಲಿ ಗೂಡು ಕಟ್ಟುತ್ತದೆ, ಮಾಹಿತಿ ಕೇಂದ್ರದೊಳಗೆ ಆ ಗೂಡಿನ ನೇರ ದೃಶ್ಯ ನೋಡಬಹುದು. ಸೆಪ್ಟೆಂಬರ್ ಕೊನೆಗೆ ಆ ಹಕ್ಕಿಗಳು ಆಫ್ರಿಕಾ ಕಡೆ ಹೊರಟಿರುತ್ತವೆ. ಆದರೆ ಅವುಗಳ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ, ಅವರ ಮಾತು ಮುಂದೆ ಹೇಳುತ್ತೇನೆ. ಶ್ಪೆಕ್ ಬಳಿ ಕೇಫ್ಲಿಂಗ್ಸ್‌ಬೆರ್ಗ್ ಎಂಬ ಗುಡ್ಡದ ಮೇಲೆ 55 ಮೀಟರ್ ಎತ್ತರದ ಗೋಪುರವಿದೆ. ಹತ್ತಲೇಬೇಕು. ಮೇಲಿನಿಂದ ಕಾಡಿನ ನಡುವೆ ಕನ್ನಡಿ ಚೂರುಗಳ ಹಾಗೆ ಕೆರೆಗಳು ಕಾಣುತ್ತವೆ, ಮತ್ತು ನೀವು ಮಧ್ಯಾಹ್ನ ಹೋಗಬೇಕಾದ ಪೈನ್ ಕಾಡು ಎಷ್ಟು ದೊಡ್ಡದೆಂದು ಅರಿವಾಗುತ್ತದೆ.

ಈ ಶ್ಪೆಕ್ ಸುತ್ತಿನ ಕಾಡಿಗೆ ಒಂದು ಕಥೆಯಿದೆ. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ ಇದು ಸರಕಾರದ ಮೇಲಿನವರು ಬೇಟೆಯಾಡುವ ಜಾಗ, ಜನಸಾಮಾನ್ಯರು ಸುಳಿಯುವಂತಿರಲಿಲ್ಲ. ಉದ್ಯಾನದ ಇನ್ನೊಂದಿಷ್ಟು ನೆಲ ಸೇನೆಯ ಅಭ್ಯಾಸಕ್ಕೆ ಹೋಗಿತ್ತು. 1989ರ ಕೊನೆಗೆ ಬರ್ಲಿನ್ ಗೋಡೆ ಬಿದ್ದ ಮೇಲೆ ಪರಿಸರ ವಿಜ್ಞಾನಿ ಮಿಖಾಯೆಲ್ ಸುಕ್ಕೊ ಮತ್ತು ಅವರ ಜೊತೆಯವರು ಇಂಥ ನೆಲಗಳನ್ನೆಲ್ಲ ಒಟ್ಟಾಗಿ ಕಾಪಾಡುವ ಯೋಜನೆ ಹಿಡಿದು ಸರಕಾರದ ಬೆನ್ನು ಹತ್ತಿದರು. 1990ರ ಸೆಪ್ಟೆಂಬರ್ 12ರಂದು ಅದಕ್ಕೆ ಒಪ್ಪಿಗೆ ಸಿಕ್ಕಿತು, ಅಕ್ಟೋಬರ್ 1ರಂದು ಆದೇಶ ಜಾರಿಯಾಯಿತು, ಅಕ್ಟೋಬರ್ 3ರಂದು ಆ ಆದೇಶ ಹೊರಡಿಸಿದ ದೇಶವೇ ಇಲ್ಲವಾಯಿತು. ಎರಡು ದಿನ ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಗೋಪುರದ ಮೇಲೆ ನಿಂತಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಆ್ಯಪ್ ನಿಮ್ಮನ್ನು ಶ್ಪೆಕ್‌ನಿಂದ ನೇರವಾಗಿ ಪೂರ್ವಕ್ಕೆ, ಪೈನ್ ಕಾಡು ಸೀಳಿಕೊಂಡು ಗ್ರಾಂಟ್ಸಿನ್ ಕಡೆಗೆ ಕಳಿಸುತ್ತಿದೆ ಎಂದು ನಿಮ್ಮ ವಿವರದಿಂದ ತಿಳಿಯಿತು. ನಾನು ಸೈಕಲ್ ತಳ್ಳಿದ್ದು ಅದೇ ಪ್ರದೇಶದಲ್ಲಿ. ಅದನ್ನು ಬಿಟ್ಟು ಬೋಕ್‌ವರೆಗೆ ಇಳಿದು, ಮೀನು ಸಾಕುವ ಕೊಳಗಳ ಬಳಿ ಊಟ ಮುಗಿಸಿ, ದಕ್ಷಿಣದಿಂದ ಬಳಸಿಕೊಂಡು ಬಾಬ್ಕೆ ಮೂಲಕ ಗ್ರಾಂಟ್ಸಿನ್ ತಲುಪಿ. ಮರಳು ಇಲ್ಲಿಯೂ ತುಂಡು ತುಂಡಾಗಿ ಸಿಗುತ್ತದೆ, ಆದರೆ ನಡುನಡುವೆ ಹಳ್ಳಿಗಳಿವೆ, ಬೇಡವೆನ್ನಿಸಿದರೆ ಡಾಂಬರಿಗೆ ಹೊರಳುವ ಅವಕಾಶವಿದೆ. ಗ್ರಾಂಟ್ಸಿನ್ ಬಳಿ ದೋಣಿಯವರು ತಮ್ಮ ದೋಣಿಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಸಣ್ಣ ಹಳಿಯ ಮೇಲಿನ ತಳ್ಳುಗಾಡಿಯಲ್ಲಿ ಸಾಗಿಸುವುದನ್ನು ನೋಡಬಹುದು. ಅಲ್ಲಿಂದ ಕ್ರಾಟ್ಸೆಬುರ್ಗ್ ಹತ್ತಿರವೇ. ಮೊದಲ ದಿನದ ಒಟ್ಟು ದೂರ 55 ಕಿ.ಮೀ. ಆಸುಪಾಸು, ರಾತ್ರಿ ವಸತಿ ಅಲ್ಲೇ, ಕೇಬೆಲಿಕ್ ಕೆರೆಯ ದಂಡೆಯಲ್ಲಿ.

ಊಟದ ವಿಷಯದಲ್ಲಿ ಒಂದು ಮಾತು. ಈ ಹಳ್ಳಿಗಳಲ್ಲಿ ಸಿಗುವುದು ಹೊಗೆಯಾಡಿಸಿದ ಮೀನು, ಹುರಿದ ಮೀನು. ನೀವು ಸಸ್ಯಾಹಾರಿಗಳಾದರೆ ಆಲೂಗಡ್ಡೆ ಬಿಟ್ಟು ಹೆಚ್ಚೇನೂ ಸಿಗಲಿಕ್ಕಿಲ್ಲ, ಮತ್ತು ಸೆಪ್ಟೆಂಬರ್ ಕೊನೆಗೆ ವಾರದ ದಿನಗಳಲ್ಲಿ ಕೆಲವು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಚಪಾತಿ, ಶೇಂಗಾ ಚಟ್ನಿಪುಡಿ, ಬಾಳೆಹಣ್ಣು ಕಟ್ಟಿಕೊಂಡು ಹೋಗಿ. ತಲಾ ಎರಡು ಬಾಟಲಿ ನೀರು ಇರಲೇಬೇಕು.

ಎರಡನೆಯ ದಿನಕ್ಕೆ ನನ್ನ ಬಳಿ ಎರಡು ಯೋಜನೆಗಳಿವೆ. ಕ್ರಾಟ್ಸೆಬುರ್ಗ್‌ನಿಂದ ಉತ್ತರಕ್ಕೆ ಏರಿದರೆ ಪೀವೆರ್‌ಸ್ಟೋರ್ಫ್ ಮತ್ತು ಆಂಕರ್ಸ್‌ಹಾಗೆನ್ ನಡುವೆ ಹಾಫೆಲ್ ನದಿಯ ಉಗಮ ಸಿಗುತ್ತದೆ. ಬರ್ಲಿನ್‌ನ ಶ್ಪಾಂಡೌ ಬಳಿ ಶ್ಪ್ರೇ ನದಿಯನ್ನು ತನ್ನೊಳಗೆ ತೆಗೆದುಕೊಳ್ಳುವ ಅದೇ ಹಾಫೆಲ್. ಇಲ್ಲಿ ಹೊರಟು 334 ಕಿ.ಮೀ. ಹರಿದು ಎಲ್ಬೆ ಸೇರುತ್ತದೆ, ಎಲ್ಬೆಯೊಡನೆ ಉತ್ತರ ಸಮುದ್ರಕ್ಕೆ ಹೋಗುತ್ತದೆ. ತುಸು ಆಚೆ ಬಿದ್ದ ಮಳೆ ಬಾಲ್ಟಿಕ್ ಸಮುದ್ರದ ಪಾಲು. ಒಂದೇ ಜಿಲ್ಲೆಯಲ್ಲಿ ಶರಾವತಿ ಪಡುವಣಕ್ಕೂ ತುಂಗೆ ಮೂಡಣಕ್ಕೂ ಹೋಗುವುದನ್ನು ನೋಡಿ ಬೆಳೆದ ನಿಮಗೆ ಈ ಜಾಗದ ಬೆಲೆ ನಾನು ಹೇಳಬೇಕಿಲ್ಲ. ನೋಡಲು ದೊಡ್ಡದೇನೂ ಇಲ್ಲ. ಹುಲ್ಲಿನ ನಡುವೆ ಒಂದಿಷ್ಟು ನೀರು. ಆಂಕರ್ಸ್‌ಹಾಗೆನ್‌ನಲ್ಲಿ ಪ್ರಾಚೀನ ಟ್ರಾಯ್ ನಗರವನ್ನು ಅಗೆದ ಹೈನ್‌ರಿಖ್ ಶ್ಲೀಮನ್ ಬಾಲ್ಯ ಕಳೆದ ಪಾದ್ರಿಯ ಮನೆ ವಸ್ತುಸಂಗ್ರಹಾಲಯವಾಗಿದೆ, ಅಂಗಳದಲ್ಲಿ ದೊಡ್ಡ ಮರದ ಕುದುರೆ ನಿಂತಿದೆ. ಅಲ್ಲಿಂದ ಬರ್ಲಿನ್‌–ಕೋಪನ್‌ಹೇಗನ್ ಸೈಕಲ್ ದಾರಿಯ ಗುರುತುಗಳನ್ನು ಹಿಡಿದು ವಾರೆನ್‌ಗೆ ಮರಳಬಹುದು. ಇದು ಮೊದಲ ಯೋಜನೆ.

ಎರಡನೆಯದು ನನಗೆ ಹೆಚ್ಚು ಪ್ರಿಯ. ಬೆಳಿಗ್ಗೆ ಕ್ರಾಟ್ಸೆಬುರ್ಗ್‌ನಲ್ಲೇ ರೈಲು ಹತ್ತಿ ಮುಂದಿನ ಊರು ನಾಯ್‌ಸ್ಟ್ರೆಲಿಟ್ಸ್‌ನಲ್ಲಿ ಇಳಿಯಿರಿ. ಉದ್ಯಾನದ ಎರಡನೆಯ ತುಂಡು, ಸೆರ್ರಾನ್, ಆ ಊರಿನ ಪೂರ್ವಕ್ಕಿದೆ. ಇಲ್ಲಿ ಹಿಮರಾಶಿ ಬಿಟ್ಟುಹೋದ ದಿಬ್ಬಗಳ ಮೇಲೆಯೇ ಕಾಡು, ನೆಲ ಏಳುತ್ತದೆ, ಇಳಿಯುತ್ತದೆ, ಗ್ರಾವೆಲ್ ಸೈಕಲ್ಲಿಗೆ ಹೇಳಿ ಮಾಡಿಸಿದಂತಿದೆ. ಮೆಕ್ಲೆನ್‌ಬುರ್ಗ್‌–ಸ್ಟ್ರೆಲಿಟ್ಸ್ ಸಂಸ್ಥಾನದ ದೊರೆಗಳು ಇದನ್ನು ಬೇಟೆಗೆ ಇಟ್ಟುಕೊಂಡಿದ್ದರಿಂದ ಬೀಚ್ ಮರಗಳಿಗೆ ಕೊಡಲಿ ತಾಗುವುದು ಕಡಿಮೆಯಾಯಿತು. 2011ರಲ್ಲಿ ಯುನೆಸ್ಕೊ ಇಲ್ಲಿನ 268 ಹೆಕ್ಟೇರ್ ಬೀಚ್ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಟ್ಸಿನೊ ಎಂಬ ಹಳ್ಳಿಯಲ್ಲಿ ಸೈಕಲ್ಲಿಗೆ ಬೀಗ ಹಾಕಿ ಕಾಡಿನೊಳಗೆ ನಡೆದೇ ಹೋಗಿ. ಬಿದ್ದ ಮರವನ್ನು ಯಾರೂ ತೆಗೆಯುವುದಿಲ್ಲ. ಅದರ ಮೈಮೇಲೆ ಅಣಬೆ, ಪಾಚಿ, ಹೊಸ ಸಸಿ. ಮಲೆನಾಡಿನ ದೇವರಕಾಡಿಗೆ ಕಾಲಿಟ್ಟಾಗ ಮಾತು ತಾನಾಗಿ ತಗ್ಗುತ್ತದಲ್ಲ, ನನಗೆ ಇಲ್ಲಿಯೂ ಹಾಗೆಯೇ ಆಗುತ್ತದೆ. ನಡಿಗೆ ಮುಗಿಸಿ ಕಾರ್ಪಿನ್, ಗೋಲ್ಡನ್‌ಬೌಮ್ ಕಡೆಯಿಂದ ತಿರುಗಿ, ಫ್ಯುರ್ಸ್ಟೆನ್‌ಜೇ ಕೆರೆಯ ತಿಳಿನೀರಿನಲ್ಲಿ ಕಾಲಾಡಿಸಿ ನಾಯ್‌ಸ್ಟ್ರೆಲಿಟ್ಸ್‌ಗೆ ಬಂದರೆ 40–45 ಕಿ.ಮೀ. ಸಂಜೆಯ ರೈಲಿನಲ್ಲಿ ನೇರ ಬರ್ಲಿನ್. ಬಾಡಿಗೆ ಸೈಕಲ್ ವಾರೆನ್‌ನಲ್ಲೇ ಹಿಂತಿರುಗಿಸಬೇಕೆಂದಿದ್ದರೆ ಮಾತ್ರ ಮೊದಲ ಯೋಜನೆಯೇ ಅನುಕೂಲ.

ಅನುಮತಿಯ ಪ್ರಶ್ನೆ. ಭದ್ರಾದಲ್ಲಿ, ನಾಗರಹೊಳೆಯಲ್ಲಿ ಹುಲಿ, ಆನೆ ಇರುವ ಕಾಡಿನೊಳಗೆ ಸೈಕಲ್ ತುಳಿದುಕೊಂಡು ಹೋಗುವ ಮಾತೇ ಇಲ್ಲ. ಮ್ಯೂರಿಟ್ಸ್‌ಗೆ ಪ್ರವೇಶ ಶುಲ್ಕವೂ ಇಲ್ಲ, ಚೀಟಿಯೂ ಇಲ್ಲ, ಗೇಟೂ ಇಲ್ಲ. ಇದನ್ನು ನೋಡಿ ನಮ್ಮವರು ಕೆಲವರು ಇಲ್ಲಿ ನಿಯಮವೇ ಇಲ್ಲವೆಂದು ತಿಳಿಯುತ್ತಾರೆ. ನಿಯಮವಿದೆ, ಕಾಯುವವರು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಸೈಕಲ್ಲಿಗೆ ಗುರುತು ಹಾಕಿದ ದಾರಿಯಲ್ಲೇ ಸೈಕಲ್ ಓಡಿಸಬೇಕು. ನಡೆಯುವವರ ದಾರಿ ನಡೆಯುವವರಿಗೆ. ಕಾಡಿನಲ್ಲಿ ಡೇರೆ ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಕೆರೆಗಿಳಿಯುವುದು ಈಜಲು ಬಿಟ್ಟಿರುವ ಜಾಗಗಳಲ್ಲಿ ಮಾತ್ರ. ಒಮ್ಮೆ ನಾನು ಫೋನಿನ ಗೆರೆಯನ್ನು ನಂಬಿ ಸಣ್ಣ ಕಾಲುದಾರಿಯೊಂದಕ್ಕೆ ಹೊರಳಿದೆ. ನೀರಿನಂಚಿನ ಜೊಂಡಿನಿಂದ ಬಿಳಿಬಾಲದ ಕಡಲ ಹದ್ದೊಂದು ಭಾರವಾಗಿ ಎದ್ದು ಹೋಯಿತು. ಎಷ್ಟೋ ಹೊತ್ತಿನಿಂದ ಮೀನಿಗೆ ಕಾದು ಕೂತಿದ್ದ ಹಕ್ಕಿಯದು, ನನ್ನಿಂದಾಗಿ ಜಾಗ ಬಿಟ್ಟಿತು. ಮುಂದೆ ಮರದ ತಡೆ, ಪ್ರವೇಶವಿಲ್ಲವೆಂಬ ಫಲಕ. 4 ಕಿ.ಮೀ. ಹಿಂದಕ್ಕೆ ಬಂದೆ. ಗ್ರಾವೆಲ್ ಸೈಕಲ್ ಎಲ್ಲಿ ಬೇಕಾದರೂ ಹೋಗಬಲ್ಲದು. ಆದ್ದರಿಂದಲೇ ಅದರ ಮೇಲೆ ಕೂತವರು ಎಲ್ಲಿ ಹೋಗಬಾರದು ಎಂದು ಮೊದಲೇ ತೀರ್ಮಾನಿಸಿಕೊಂಡಿರಬೇಕು.

ನೀವು ಆರಿಸಿದ ವಾರ ತುಂಬಾ ಒಳ್ಳೆಯದು. ಆ ಹೊತ್ತಿಗೆ ಉತ್ತರದಿಂದ ಕ್ರೌಂಚ ಪಕ್ಷಿಗಳು ಸಾವಿರಗಟ್ಟಲೆ ಇಳಿಯುತ್ತವೆ. ಹಗಲು ಹೊಲಗಳಲ್ಲಿ ಮೇಯ್ದು, ರಾತ್ರಿ ಫೆಡೆರೊ ಬಳಿಯ ರೆಡೆರಾಂಗ್ ಕೆರೆಯ ತಗ್ಗು ನೀರಿನಲ್ಲಿ ನಿಂತು ನಿದ್ರಿಸುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಾಗ ಕೇಳುವ ಗದ್ದಲವನ್ನು ನೆನೆಸಿಕೊಳ್ಳಿ, ಅದಕ್ಕೆ ಕಹಳೆಯ ದನಿ ಸೇರಿಸಿ. ಹಕ್ಕಿಗಳಿಗೆ ತೊಂದರೆಯಾಗದಿರಲೆಂದು ಶರತ್ಕಾಲದ ಸಂಜೆ ಆ ಕೆರೆಯ ಸುತ್ತಿನ ದಾರಿಗಳಿಗೆ ಮಾರ್ಗದರ್ಶಿಯ ಜೊತೆ ಹೋಗುವವರಿಗಷ್ಟೇ ಪ್ರವೇಶ. ಫೆಡೆರೊದಲ್ಲಿ ಮುಂಚೆಯೇ ಹೆಸರು ಕೊಡಬೇಕು. ಇದನ್ನು ನೋಡಲೇಬೇಕೆಂದಿದ್ದರೆ ಹಿಂದಿನ ಸಂಜೆಯೇ ವಾರೆನ್‌ಗೆ ಬಂದು ಉಳಿಯಿರಿ. ಅದೇ ದಿನಗಳಲ್ಲಿ ಗಂಡು ಕೆಂಪು ಜಿಂಕೆಗಳು ಹೆಣ್ಣನ್ನು ಕರೆಯುತ್ತಾ ಗೂಳಿಯಂತೆ ಕೂಗುತ್ತವೆ. ಮುಸ್ಸಂಜೆಯಲ್ಲಿ ಕೇಳಿದರೆ ತಮ್ಮ ಗಾಬರಿಯಾದಾನು, ಮೊದಲೇ ಹೇಳಿಡಿ. ಏಳರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮುಂದಿನ, ಹಿಂದಿನ ಎರಡೂ ದೀಪ ಸೈಕಲ್ಲಿಗೆ ಇರಲಿ.

ಕೊನೆಯದಾಗಿ ಉಣುಗು. ಮಂಗನ ಕಾಯಿಲೆ ಮೊದಲು ಗುರುತಾದ ಕ್ಯಾಸನೂರು ನಿಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನದು, ಹಾಗಾಗಿ ಉಣುಗನ್ನು ಹಗುರವಾಗಿ ನೋಡುವವರು ನೀವಲ್ಲ. ಇಲ್ಲಿನ ಉಣುಗು ಹರಡುವುದು ಮುಖ್ಯವಾಗಿ ಲೈಮ್ ಎಂಬ ಬೇರೆ ಕಾಯಿಲೆಯನ್ನು. ರಾತ್ರಿ ಸ್ನಾನ ಮಾಡುವಾಗ ಮೊಣಕಾಲಿನ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿ ತಾಗಿಸುವುದು ಬೇಡ. ಮುಂದಿನ ವಾರಗಳಲ್ಲಿ ಕಚ್ಚಿದ ಜಾಗದ ಸುತ್ತ ಕೆಂಪು ಬಳೆ ಹರಡುತ್ತಾ ಹೋದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಬೇಗ ಹೋದರೆ ಆ್ಯಂಟಿಬಯೋಟಿಕ್‌ನಿಂದ ವಾಸಿಯಾಗುತ್ತದೆ. ತಮ್ಮ ಅಷ್ಟರಲ್ಲಿ ಬೆಂಗಳೂರಿಗೆ ಮರಳಿರುತ್ತಾನೆ. ಅಲ್ಲಿನ ವೈದ್ಯರಿಗೆ ಈ ಕಾಯಿಲೆ ಅಪರೂಪ. ಮ್ಯೂರಿಟ್ಸ್ ಕಾಡಿಗೆ ಹೋಗಿದ್ದೆ, ಇಂಥ ದಿನ ಉಣುಗು ಕಚ್ಚಿತ್ತು ಎಂದು ಅವನೇ ಅವರಿಗೆ ಹೇಳಬೇಕು, ದಿನಾಂಕ ಬರೆದುಕೊಂಡಿರಲು ಹೇಳಿ.